ಒಂದು ಮೊರ ರೊಮೇನಿಯಾ

ನಮ್ಮ ಮನೆಯ ಎಮ್ಮೆಗೆ ರೊಮೇನಿಯಾ ದೇಶ ಪೂರ್ತಿ ಬಾಯಿಪಾಠವಾಗಿತ್ತು. ನಗಬೇಡಿ, ನಿಜವನ್ನೇ ಬರೆಯುತ್ತಿದ್ದೇನೆ. ಯುರೋಪಿನ ಆ ದೇಶದಲ್ಲಿ ಯಾವ ಯಾವ ಜನ ಇದ್ದಾರೆ, ಯಾರು ಹೆಚ್ಚು, ಯಾರು ಕಡಿಮೆ, ಯಾರು ಎಲ್ಲಿಂದ ಬಂದರು, ಯಾರು ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದರು, ಎಲ್ಲವನ್ನೂ ಅದು ಹದಿನೈದು ದಿನ ಬೆಳಿಗ್ಗೆ ಸಂಜೆ ಕೇಳಿಸಿಕೊಂಡು ಮೆಲುಕು ಹಾಕಿದೆ. ಪಾಠ ಹೇಳಿದವಳು ನನ್ನ ಮೊಮ್ಮಗಳು. ಅವಳ ವಿಷಯ ಬರೆಯಲು ಕೂತರೆ ಈಗಲೂ ನನ್ನ ಕೈ ನಿಲ್ಲುವುದಿಲ್ಲ, ಅಕ್ಷರಗಳು ಗೆರೆ ಬಿಟ್ಟು ಮೇಲೆ ಏರುತ್ತವೆ. ಓದುವವರು ಸಹಿಸಿಕೊಳ್ಳಬೇಕು. ನಾನು ಓದಿದ್ದು ಮೂರನೆಯ ತರಗತಿ ಮಾತ್ರ.

ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ನಮ್ಮದು ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ನಿಲ್ಲುವ ಒಂದು ಹಳ್ಳಿ. ಮನೆಯಲ್ಲಿ ನಾನು, ನನ್ನ ಯಜಮಾನರು, ಸೊಸೆ, ಎಂಟನೆಯ ತರಗತಿಯ ಈ ಮೊಮ್ಮಗಳು. ಮಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ.

ಮನೆಯೊಳಗೆ ಮೊಮ್ಮಗಳ ಬಾಯಿ ಎಂದರೆ ಬಾಣಲೆಗೆ ಹಾಕಿದ ಜೋಳ, ಪಟಪಟ ಪಟಪಟ. ಹೊಸ್ತಿಲು ದಾಟಿದಳೋ, ಮುಗಿಯಿತು. ತರಗತಿಯಲ್ಲಿ ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು. ಅಂಗಡಿಗೆ ಚಹಾಪುಡಿ ತರಲು ಕಳಿಸಿದರೆ ಖಾಲಿ ಪೊಟ್ಟಣ ಹಿಡಿದು ತೋರಿಸುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ನನ್ನ ಸೆರಗು ಜಗ್ಗುತ್ತಿದ್ದಳು. ನೆಂಟರು ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದು ಕಣ್ಣಷ್ಟೇ ಹೊರಗೆ.

"ಹುಡುಗಿಗೆ ಮಾತು ಬರತೈತೇನ್ರಿ?" ಎಂದು ಒಬ್ಬರು ಕೇಳಿಯೇಬಿಟ್ಟಿದ್ದರು.

"ನಿಮಗಿಂತ ಚಲೋ ಬರತೈತಿ, ಉಪ್ಪಿಟ್ಟು ತಿನ್ರಿ," ಎಂದಿದ್ದರು ನನ್ನ ಯಜಮಾನರು.

ಆ ವರ್ಷ ತಾಲ್ಲೂಕಿನ ಶಾಲೆಗಳಿಗೆಲ್ಲ ಸೇರಿ ಹಗರಿಬೊಮ್ಮನಹಳ್ಳಿಯಲ್ಲಿ ವಸ್ತು ಪ್ರದರ್ಶನ ಎಂದಾಯಿತು. ಸಮಾಜ ವಿಜ್ಞಾನದ ಮೇಷ್ಟ್ರು ಯುರೋಪಿನ ದೇಶಗಳ ಹೆಸರು ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿಸಿದರು. ಯಾರ ಕೈಗೆ ಯಾವ ದೇಶ ಬಂದರೆ ಅವರು ಅಲ್ಲಿಯ ಜನಸಂಖ್ಯೆ, ಅಲ್ಲಿಯ ಅಲ್ಪಸಂಖ್ಯಾತರು ಯಾರು ಎಂಬುದನ್ನು ತೋರಿಸಬೇಕು. ಗೆಳತಿಯರಿಗೆ ಇಂಗ್ಲೆಂಡು, ಫ್ರಾನ್ಸು, ಇಟಲಿ ಬಂದವು. ನಮ್ಮವಳಿಗೆ ರೊಮೇನಿಯಾ. ಮೇಷ್ಟ್ರು ಬಳ್ಳಾರಿಯಿಂದ ತಂದಿದ್ದ ದಪ್ಪ ಪುಸ್ತಕ ಕೊಟ್ಟು ಒಂದು ಮಾತನ್ನೂ ಹೇಳಿ ಕಳಿಸಿದರು.

ಮನೆಗೆ ಬಂದವಳು ಚೀಲ ಮೂಲೆಗೆ ಎಸೆದು ನನ್ನ ಮುಂದೆ ಕೂತಳು.

"ಮುಂದ ನಿಂತು ಬಾಯಿ ಬಿಟ್ಟು ಹೇಳಬೇಕಂತ. ನನಗ ಆಗಲಿಲ್ಲಂದ್ರ ನಾನು ಮಾಡಿದ್ದನ್ನ ಬ್ಯಾರೇ ಹುಡುಗಿ ನಿಂತು ಹೇಳ್ತಾಳಂತ."

"ಹೇಳ್ಲಿ ಬಿಡು, ನಿನಗೂ ತ್ರಾಸಿಲ್ಲ," ಎಂದೆ ನಾನು, ಅವಳ ಮನಸ್ಸು ನೋಡಲೆಂದು.

ಅವಳ ಕಣ್ಣು ಕೆಂಪಾಯಿತು. "ನಾನು ಮಾಡಿದ್ದನ್ನ ಬ್ಯಾರೇದಾಕಿ ಯಾಕ ಹೇಳಬೇಕು ಬೇ? ನಾನಽ ಹೇಳಬೇಕು."

"ಮತ್ತ ಹೇಳು."

"ಬಾಯಿ ಬರಂಗಿಲ್ಲಲ್ಲ!"

ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅವಳಿಗೆ ಹೊರಗೆ ಮಾತಾಡುವ ಆಸೆಯೇ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಆಸೆ ಇತ್ತು, ಬಾಯಿ ಬರುತ್ತಿರಲಿಲ್ಲ! ಹೇಗಾದರೂ ಮಾಡಿ ಆ ದಿನ ಈ ಹುಡುಗಿ ತನ್ನ ದೇಶದ ಮುಂದೆ ತಾನೇ ನಿಂತು ಹೇಳಬೇಕು ಎಂಬ ಹಟ ಅವಳಿಗಿಂತ ನನಗೇ ಹೆಚ್ಚು ಹಿಡಿಯಿತು.

"ಎಮ್ಮಿ ಮುಂದ ಹೇಳಿ ರೂಢಿ ಮಾಡ್ಕೋ. ಅದು ನಕ್ಕೂ ನಗಂಗಿಲ್ಲ, ಎದ್ದೂ ಹೋಗಂಗಿಲ್ಲ, ಕಟ್ಟಿಹಾಕೇತಿ," ಎಂದೆ.

ಹಾಗೆ ನಮ್ಮ ಎಮ್ಮೆ ರೊಮೇನಿಯಾಕ್ಕೆ ಹೋಯಿತು. ಸೊಸೆ ಹಾಲು ಕರೆಯಲು ಕೂತರೆ ಇವಳು ಗೋದಲಿಯ ಪಕ್ಕ ಸೆಟೆದು ನಿಂತು, "ಮಾನ್ಯರೇ, ರೊಮೇನಿಯಾದ ಒಟ್ಟು ಜನಸಂಖ್ಯೆ ಎರಡು ಕೋಟಿಗಿಂತ ಹೆಚ್ಚು," ಎನ್ನುವಳು. ಮಾನ್ಯರು ಬಾಲ ಬೀಸುವರು. ನಾವು ಗೋಡೆಯಾಚೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು.

ಆದರೆ ಕೇಳುತ್ತ ಕೇಳುತ್ತ ಆ ದೇಶ ನಮಗೂ ಹತ್ತಿರವಾಗತೊಡಗಿತು. ಅಲ್ಲಿ ರೊಮೇನಿಯಾ ಮಾತಿನವರೇ ಬಹಳ. ನಡುಮಧ್ಯದ ಗುಡ್ಡಗಾಡಿನಲ್ಲಿ ಹಂಗೇರಿ ಮಾತಿನವರು ಊರಿಗೆ ಊರೇ ಇದ್ದಾರೆ. ಸಮುದ್ರದ ದಂಡೆಯಲ್ಲಿ ತುರ್ಕರು, ತಾತಾರರು. ಎಂಟುನೂರು ವರ್ಷ ಅಲ್ಲೇ ಬೇರುಬಿಟ್ಟಿದ್ದ ಜರ್ಮನ್ ಮಾತಿನವರು ಇತ್ತೀಚೆಗೆ ಸರ್ಕಾರ ಬದಲಾದ ಮೇಲೆ ಸಾಲುಗಟ್ಟಿ ಜರ್ಮನಿಗೆ ಹೋಗಿಬಿಟ್ಟರಂತೆ, ಊರುಗಳಲ್ಲಿ ಬೀಗ ಹಾಕಿದ ಮನೆಗಳು ಉಳಿದವಂತೆ. ಅದನ್ನು ಕೇಳಿದ ದಿನ ನನಗೆ ನನ್ನ ತವರೂರು ನೆನಪಾಯಿತು. ಡ್ಯಾಮಿನ ನೀರು ಬರುತ್ತದೆ ಎಂದು ನಾವೆಲ್ಲ ಬಾಗಿಲ ಚೌಕಟ್ಟು ಸಹ ಕಿತ್ತು ಗಾಡಿಗೆ ಹೇರಿಕೊಂಡು ಬಂದಿದ್ದೆವು. ನಾನಾಗ ಚಿಕ್ಕವಳು, ಗಾಡಿಯಲ್ಲಿ ಚೌಕಟ್ಟಿನೊಳಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಆ ಜರ್ಮನರ ಮಕ್ಕಳೂ ಹೀಗೇ ಏನಾದರೊಂದರಲ್ಲಿ ಕಾಲು ಇಳಿಬಿಟ್ಟು ಹೋಗಿರಬೇಕು.

ಮೊಮ್ಮಗಳು ಹೇಳಿದ ಇನ್ನೊಂದು ವಿಷಯ ನನ್ನ ಯಜಮಾನರಿಗೆ ತುಂಬ ಹಿಡಿಸಿತ್ತು. ಎಷ್ಟೇ ಸಣ್ಣ ಗುಂಪಾಗಲಿ, ಸರ್ಕಾರ ಒಪ್ಪಿಕೊಂಡ ಜನವಾದರೆ, ಅವರ ದೊಡ್ಡ ಸಭೆಯಲ್ಲಿ ಒಂದು ಕುರ್ಚಿ ಅವರಿಗೆಂದು ಇರುತ್ತದಂತೆ. "ಒಂದು ಹಿಡಿ ಮಂದಿಗೂ ಒಂದು ಕುರ್ಚಿ! ನಮ್ಮನಿಯಾಗ ನನಗಽ ಒಂದು ಕುರ್ಚಿ ಇಲ್ಲ," ಎಂದು ಸೊಸೆಗೆ ಕೇಳುವಂತೆ ಹೇಳಿದರು. ಇದ್ದ ಒಂದು ಕುರ್ಚಿಯ ಮೇಲೆ ಅವಳು ಹಾಸಿಗೆ ಮಡಚಿಡುತ್ತಿದ್ದಳು.

ಇನ್ನು ತೋರಿಸುವುದು ಹೇಗೆ? ಬೇರೆ ಮಕ್ಕಳು ರಟ್ಟಿನ ಮೇಲೆ ಬಣ್ಣ ತುಂಬುತ್ತಿದ್ದರು. ನಮ್ಮವಳಿಗೆ ಅದು ಒಗ್ಗಲಿಲ್ಲ. "ಬಣ್ಣ ಹಾಕಿದ್ರ ಎಲ್ಲಾರೂ ಬ್ಯಾರೆ ಬ್ಯಾರೆ ಆಗಿಬಿಡ್ತಾರ. ಮಂದಿ ಹಂಗಿರಂಗಿಲ್ಲಲ್ಲ, ಬೆರತಿರ್ತಾರ," ಎಂದಳು. ನಾನು ಅಂಕಿ ಕಲಿತದ್ದು ಹುಣಸೆಬೀಜದಲ್ಲಿ. ಅದಕ್ಕೇ ಹೇಳಿದೆ, "ಕಾಳಿನಾಗ ತೋರಿಸು. ಸಾವಿರ ಮಂದ್ಯಾಗ ಯಾರ್‍ಯಾರು ಎಷ್ಟೆಷ್ಟು ಅದಾರ, ಅಷ್ಟಷ್ಟು ಕಾಳು."

ಅವಳು ನನ್ನ ಕೆನ್ನೆ ಹಿಂಡಿದ ಹಿಂಡಿಗೆ ಎರಡು ದಿನ ಎಲೆಯಡಿಕೆ ಅಗಿಯಲಾಗಲಿಲ್ಲ.

ಮೂರು ದಿನ ಸಂಜೆ ಕಟ್ಟೆಯ ಮೇಲೆ ಕೂತು ಎಣಿಸಿದೆವು. ರೊಮೇನಿಯಾದವರು ಬಿಳಿಜೋಳ, ಎಂಟುನೂರ ತೊಂಬತ್ತೈದು. ಹಂಗೇರಿಯವರು ಹುರುಳಿ, ಅರವತ್ತಾರು. ರೋಮಾ ಎಂಬ ಜನ ಕೆಂಪಲಸಂದೆ, ಇಪ್ಪತ್ತೈದು. ಉಳಿದ ಹದಿನಾಲ್ಕರಲ್ಲಿ ಉಕ್ರೇನಿನವರು, ಜರ್ಮನರು, ರಷ್ಯದಿಂದ ಬಂದು ನದಿಯ ಮುಖದಲ್ಲಿ ಮೀನು ಹಿಡಿಯುವವರು, ಮತ್ತೆ ಆ ತುರ್ಕರು, ತಾತಾರರು, ಸರ್ಬಿಯದವರು, ಹೀಗೆ. ಮಡಕಿಕಾಳು, ಸಾಸಿವೆ, ಕಡಲೆ, ಹೆಸರು, ಎಳ್ಳು, ಮನೆಯಲ್ಲಿದ್ದ ಗಡಿಗೆಗಳೆಲ್ಲ ಹೊರಗೆ ಬಂದವು. ತುರ್ಕರು ಲೆಕ್ಕಕ್ಕೆ ಒಂದೂವರೆ ಬಂದರು. ಅರ್ಧ ಮನುಷ್ಯನನ್ನು ಎಲ್ಲಿಂದ ತರುವುದು ಎಂದು ಹುಡುಗಿ ಪೆನ್ಸಿಲು ಕಚ್ಚುತ್ತ ಕೂತಳು. ಒಳಗಿನಿಂದ ಸೊಸೆ ಒಂದು ಹೆಸರುಬೇಳೆ ತಂದು ಅವಳ ಅಂಗೈಗೆ ಹಾಕಿದಳು. ಒಂದು ಹೆಸರುಕಾಳು, ಒಂದು ಬೇಳೆ: ಒಂದೂವರೆ! ನಾವು ನಾಲ್ವರೂ ಕುಣಿದುಬಿಟ್ಟೆವು. ಕಾಳು ಬೇಳೆಯಾದರೆ ಸರಿಯಾಗಿ ಅರ್ಧ ಎಂಬುದು ಯಾವ ದಪ್ಪ ಪುಸ್ತಕದಲ್ಲಿದೆ ಹೇಳಿ.

ಎಲ್ಲವನ್ನೂ ಬಟ್ಟಲುಗಳಲ್ಲಿ ಬೇರೆ ಬೇರೆ ಇಟ್ಟಿದ್ದೆವು. ಪ್ರದರ್ಶನದ ದಿನ ಬೆಳಿಗ್ಗೆ ಅವಳು ಎಲ್ಲ ಬಟ್ಟಲುಗಳನ್ನೂ ಒಂದು ಮೊರಕ್ಕೆ ಸುರಿದು, ಕೈಯಾಡಿಸಿ ಬೆರೆಸಿ, ಮೇಲೆ ಪಾವಡದ ಬಟ್ಟೆ ಮುಚ್ಚಿ ಕಟ್ಟೆಯ ಮೇಲಿಟ್ಟು, ತಲೆ ಬಾಚಿಸಿಕೊಳ್ಳಲು ಒಳಗೆ ಹೋದಳು. ನಾನು ಹಿತ್ತಲಿನಲ್ಲಿದ್ದೆ. ಇದು ನನಗೆ ಆಗ ಗೊತ್ತಿಲ್ಲ. ಕಟ್ಟೆಯ ಮೇಲೆ ಗಿರಣಿಗೆ ಕಳಿಸಬೇಕಾದ ನನ್ನ ಜೋಳದ ಮೊರವೂ ಇತ್ತು, ಅದಕ್ಕೂ ಪಾವಡ ಮುಚ್ಚಿತ್ತು.

ಅಷ್ಟರಲ್ಲಿ ನನ್ನ ಗೆಳತಿ ಬಂದಳು. ನಮ್ಮೂರಿನ ಪಕ್ಕದ ತಾಂಡಾದ ಲಂಬಾಣಿ ಹೆಂಗಸು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಶೇಂಗಾ ಕಿತ್ತವರು. ನಾನು ಒಂದು ಸೇರು ಬಿಡಿಸುವುದರಲ್ಲಿ ಅವಳು ಒಂದೂವರೆ ಸೇರು ಬಿಡಿಸುವವಳು, ಅದನ್ನು ಹೇಳಿ ತೋರಿಸುವವಳು. ಬಂದವಳೇ ಕನ್ನಡಿ ಹಚ್ಚಿದ ಲಂಗ ಝಣಗುಡಿಸುತ್ತ ಕಟ್ಟೆಯ ಮೇಲೆ ಕೂತು, ಹಿರಿಮಗಳಿಗೆ ಗಂಡು ನೋಡಲು ಬಂದವರ ಕತೆ ತೆಗೆದಳು. ಗಂಡಿನ ಸೋದರತ್ತೆ ಹೀಗೆ ಮೂಗು ಮುರಿದಳು, ಗಂಡು ಹೀಗೆ ಚಹಾ ಸೊರಸೊರ ಕುಡಿದ. ನಾನೂ ಹಿತ್ತಲಿನಿಂದ ಬಂದು ಕೂತು, ಕೈಗೆ ಸಿಕ್ಕ ಮೊರ ತೊಡೆಯ ಮೇಲೆ ಎಳೆದುಕೊಂಡೆ. ಅವಳೂ ಎದುರಿನಿಂದ ಕೈ ಹಾಕಿದಳು.

ನಮ್ಮ ಕೈ ನಿಮಗೆ ಗೊತ್ತಿಲ್ಲ. ಬಾಯಿ ತನ್ನ ಪಾಡಿಗೆ ಮಾತಾಡುತ್ತಿದ್ದರೆ ಕೈ ತನ್ನ ಪಾಡಿಗೆ ಹಸನು ಮಾಡುತ್ತದೆ. ಜೋಳವಲ್ಲದ್ದು ಬೆರಳಿಗೆ ಸಿಕ್ಕಿತೋ, ಅಂಗಳಕ್ಕೆ. ಕಣ್ಣು ಕೂಡ ಬೇಕಿಲ್ಲ.

"ಈ ಸಲ ಕಣ ಯಾರು ಮಾಡಿದ್ರಲೇ? ಏಸೊಂದು ಕಲಬೆರಕಿ ಐತಿ!" ಎಂದಳು ಅವಳು, ಒಂದು ಚಿಮಟಿ ಹುರುಳಿ ಅಂಗಳಕ್ಕೆ ಎಸೆಯುತ್ತ.

"ಕೇಳಬ್ಯಾಡ. ಹುರುಳಿ, ಅಲಸಂದಿ, ಸಾಸಿವಿ, ಒಂದಽ ಎರಡಽ? ಬ್ಯಾಳಿ ಸೈತ ಐತಿ ನೋಡು ಇದರಾಗ," ಎಂದೆ ನಾನು.

ನೋಡಿ, ಬೇಳೆಯನ್ನು ಕೈಯಲ್ಲಿ ಹಿಡಿದು ನೋಡಿಯೂ ನನಗೆ ಹೊಳೆಯಲಿಲ್ಲ!

ನಮ್ಮ ಕೋಳಿ ಮತ್ತು ಅದರ ಏಳು ಮರಿಗಳಿಗೆ ಹಬ್ಬ. ಗಂಡಿನ ಕತೆ ಮುಗಿಯುವ ಹೊತ್ತಿಗೆ ಮೊರದಲ್ಲಿ ಮಲ್ಲಿಗೆ ರಾಶಿಯಂಥ ಬಿಳಿಜೋಳ. ಒಂದು ಕಪ್ಪು ಚುಕ್ಕೆ ಇಲ್ಲ. ನಾವಿಬ್ಬರೂ ಹೆಮ್ಮೆಯಿಂದ ಅದನ್ನು ನೋಡುತ್ತಿದ್ದಾಗ ಎರಡು ಜಡೆಗೆ ಕೆಂಪು ಟೇಪು ಕಟ್ಟಿಕೊಂಡು ಮೊಮ್ಮಗಳು ಹೊರಗೆ ಬಂದಳು.

ಮೊರ ನೋಡಿದಳು. ಅಂಗಳ ನೋಡಿದಳು. ಕೋಳಿ ನೋಡಿದಳು. ಇನ್ನೊಂದು ಮೊರದ ಪಾವಡ ಎತ್ತಿ ಅದರಲ್ಲಿದ್ದ ಹಸನಾಗದ ಜೋಳ ನೋಡಿದಳು.

"ಏನ್ ಮಾಡ್ದಿ ಬೇ..."

ಅಷ್ಟೇ. ಕಣ್ಣಿಂದ ನೀರು ಇಳಿಯಿತು. ಮನೆಯೊಳಗೆ ಎಂದೂ ನಿಲ್ಲದ ಬಾಯಿ ನಿಂತುಹೋಯಿತು. ಎಂಟು ನೂರು ಚಿಲ್ಲರೆ ಜನರನ್ನು ಬಿಟ್ಟು ಮಿಕ್ಕವರನ್ನೆಲ್ಲ ಆರಿಸಿ ಕೋಳಿಗೆ ಹಾಕಿದ್ದೆ!

ಗೆಳತಿಗೆ ಏನೂ ತಿಳಿಯದು. "ಏನಾತು? ಜ್ವಾಳ ಹಸನು ಮಾಡಿದ್ರ ಅಳ್ತಾರಽ?" ಎಂದಳು. ನಾನು ತೊದಲುತ್ತ ಹೇಳಿದೆ. ಜೋಳ ಅಂದರೆ ಜೋಳವಲ್ಲ, ರೊಮೇನಿಯಾದವರು. ಹುರುಳಿ ಹಂಗೇರಿಯವರು. ಕೆಂಪಲಸಂದೆ ರೋಮಾ ಜನ, ಸಾವಿರ ವರ್ಷದ ಹಿಂದೆ ನಮ್ಮ ದೇಶದ ಕಡೆಯಿಂದ ಹೋದವರು, ಅವರ ಎಣಿಕೆ ಈಗಲೂ ಏಖ್, ದುಯ್, ತ್ರಿನ್, ಶ್ತಾರ್, ಪಂಜ್ ಅಂತೆ.

ಅವಳು ಬಾಯಿ ತೆರೆದಳು. "ಏಕ್, ದಿ, ತೀನ್, ಚಾರ್, ಪಾಂಚ್," ಎಂದು ತನ್ನ ಮಾತಿನಲ್ಲಿ ಎಣಿಸಿದಳು. ಮತ್ತೆ ಬೆರಳು ಮಡಚಿ ಎಣಿಸಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡಳು. "ಯವ್ವಾ! ನಮ್ಮೋರನ್ನ ನಾನಽ ಆರಿಸಿ ಒಗದ್ನಲ್ಲಲೇ!"

"ನಿಮ್ಮೋರಽ ಅಂತ ಹೇಳಾಕ ಬರಂಗಿಲ್ಲ ಅಂದಾರ ಮೇಷ್ಟ್ರು. ಈ ಕಡೆಯೋರು ಅಷ್ಟಽ," ಎಂದೆ.

"ಪಾಂಚ್ ಅಂದಮ್ಯಾಲೆ ಮುಗೀತು. ನಮ್ಮೋರಽ!" ಎಂದು ಅವಳು ಕೋಳಿಯ ಹಿಂದೆ ಓಡಿದಳು, ಹೊಟ್ಟೆಯಿಂದ ಕಿತ್ತು ತರುವವಳ ಹಾಗೆ. ಅಳುತ್ತಿದ್ದ ಹುಡುಗಿ ಅದನ್ನು ನೋಡಿ ಫಕ್ಕನೆ ನಕ್ಕಳು. ನಗು ಬಂದದ್ದೇ ಸರಿ, ನನಗೂ ಕೈಕಾಲಿಗೆ ಜೀವ ಬಂತು.

ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಗಡಿಗೆಗಳ ತಳ ಕೆರೆದು ಕಾಳು ತಂದೆವು. ಅಂಗಳದಲ್ಲಿ ಕೋಳಿಗೆ ಸಿಗದೆ ಉಳಿದವನ್ನು ಹೆಕ್ಕಿದೆವು. ಜೋಳ ಮೊಮ್ಮಗಳ ಪಾಲು, ಅದರಲ್ಲೂ ಎಷ್ಟೋ ಚೆಲ್ಲಿತ್ತು. ಸಣ್ಣ ಕಾಳುಗಳು ಗೆಳತಿಯ ಪಾಲು. ಹುರುಳಿ ಮತ್ತು ಕೆಂಪಲಸಂದೆ ನನ್ನ ಯಜಮಾನರ ಪಾಲು. ಒಬ್ಬರು ಕನ್ನಡದಲ್ಲಿ, ಒಬ್ಬರು ಲಂಬಾಣಿಯಲ್ಲಿ, ಇನ್ನು ಯಜಮಾನರು ಕಣದಲ್ಲಿ ರಾಶಿ ಅಳೆಯುವವರ ಹಾಗೆ, "ಲಾಭ..." ಎಂದು ರಾಗ ಎಳೆದು ಎಣಿಸುತ್ತಿದ್ದರು. ನಾನು ಮಧ್ಯೆ ಕೂತು ಯಾರು ಎಲ್ಲಿದ್ದಾರೆ ಎಂದು ಕೇಳಿ ಕೇಳಿ ಎಲ್ಲರ ಲೆಕ್ಕವನ್ನೂ ತಪ್ಪಿಸುತ್ತಿದ್ದೆ.

"ಲೇ, ನೀ ಒಳಗ ಹೋಗಿ ಬುತ್ತಿ ಕಟ್ಟು. ನೀ ಇಲ್ಲಿದ್ರ ಯುರೋಪ ಮುಳುಗತೈತಿ," ಎಂದರು ಯಜಮಾನರು.

ಮೊರಕ್ಕೆ ಪಾವಡ ಬಿಗಿದು ಬಸ್ಸು ಹಿಡಿದೆವು. ನಾನು, ಮೊಮ್ಮಗಳು, ಜತೆಗೆ ಗೆಳತಿ. "ನಮ್ಮೋರನ್ನ ನೆಟ್ಟಗ ಮುಟ್ಟಿಸಿ ಬರ್ತೀನಿ," ಎಂದು ಅವಳೇ ಹತ್ತಿದ್ದಳು. ಕಂಡಕ್ಟರ್ ಬಂದು "ಎಲ್ಲಿಗೆ?" ಎಂದಾಗ ಹುಡುಗಿ ನನ್ನ ಸೆರಗು ಜಗ್ಗಿದಳು. ನಾನೇ ಟಿಕೀಟು ತೆಗೆಸಿದೆ. ಟಿಕೀಟು ಕೇಳಲು ಬಾಯಿ ಬಾರದವಳು ದೇಶ ಹೇಳುವುದು ಹೇಗೆ?

ಹಗರಿಬೊಮ್ಮನಹಳ್ಳಿಯ ಆ ಶಾಲೆಯ ಹಾಲಿನಲ್ಲಿ ಮೇಜುಗಳ ಸಾಲು. ಒಂದರ ಮೇಲೆ ಇಂಗ್ಲೆಂಡು, ಒಂದರ ಮೇಲೆ ಇಟಲಿ, ರಟ್ಟು, ಥರ್ಮಾಕೋಲು, ಮಿಣಿಮಿಣಿ ಕಾಗದ. ನಮ್ಮ ಮೇಜಿನ ಮೇಲೆ ಒಂದು ಮೊರ, ಪಕ್ಕದಲ್ಲಿ ಅವಳು ಬರೆದ ಪಟ್ಟಿ.

"ಅಜ್ಜೀ, ನೀವು ಹೊರಗ ನಿಲ್ರಿ," ಎಂದರು ಮೇಷ್ಟ್ರು.

"ಇಲ್ರಿ ಸಾರ್, ಮ್ಯಾಲೆ ಫ್ಯಾನ್ ತಿರಗ್ತೈತಿ. ತಾತಾರರು ಎಳ್ಳದಾರ, ಹಾರಿ ಹೋಗ್ತಾರ," ಎಂದು ನಾನು ಸೆರಗು ಹರಡಿ ಅಡ್ಡ ನಿಂತೆ. ಮೇಷ್ಟ್ರು ಒಮ್ಮೆ ಫ್ಯಾನ್ ನೋಡಿ, ಒಮ್ಮೆ ಮೊರ ನೋಡಿ ನನ್ನನ್ನು ಅಲ್ಲೇ ಬಿಟ್ಟರು.

ಗೆಳತಿ ಮೇಜಿನ ಆ ತುದಿಗೆ ನಿಂತಿದ್ದಳು. ನೋಡಲು ಬಂದವರೊಬ್ಬರು ಅವಳ ಕನ್ನಡಿ ಲಂಗ, ತೋಳಿನ ತುಂಬ ಬಳೆ ನೋಡಿ, "ಇವರು ರೊಮೇನಿಯಾದೋರೇನ್ರಿ?" ಎಂದು ಕೇಳಿದರು.

"ಹೌದ್ರೀ, ಮುಂಜಾನಿ ಬಸ್ಸಿಗೆ ಬಂದೀನಿ," ಎಂದಳು ಅವಳು, ಮುಖ ಸಡಿಲಿಸದೆ. ಅವರು ತಲೆಯಾಡಿಸುತ್ತ ಮುಂದೆ ಹೋದರು. ನಾನು ನಗು ತಡೆದು ತಡೆದು ಕೆಮ್ಮು ಬರಿಸಿಕೊಂಡೆ.

ಮೊಮ್ಮಗಳು ಮಾತ್ರ ನಗಲಿಲ್ಲ. ಅವಳ ತುಟಿ ಒಣಗಿತ್ತು. ಅವಳ ಪಕ್ಕದಲ್ಲಿ, ಬೇಕಾದರೆ ಇರಲಿ ಎಂದು ಮೇಷ್ಟ್ರು ನಿಲ್ಲಿಸಿದ್ದ ಇನ್ನೊಬ್ಬ ಹುಡುಗಿ. ಒಳ್ಳೆಯ ಗಂಟಲಿನ ಹುಡುಗಿ, ಎಲ್ಲ ಬಾಯಿಪಾಠ ಮಾಡಿದ್ದಳು. ಅವಳದೇನೂ ತಪ್ಪಿಲ್ಲ.

ಪರೀಕ್ಷೆ ಮಾಡುವ ಮೇಡಂ ಬಂದರು. ಹೊರಗಿನ ಊರಿನವರು, ಕನ್ನಡಕ ಹಾಕಿದ್ದರು, ಕೈಯಲ್ಲಿ ಅಂಕ ಹಾಕುವ ಹಾಳೆ. ಮೊರ ನೋಡಿ ನಿಂತುಬಿಟ್ಟರು.

"ಏನಮ್ಮ ಇದು?"

ಮೊಮ್ಮಗಳ ಬಾಯಿ ತೆರೆಯಿತು, ಮುಚ್ಚಿತು. ಮೇಷ್ಟ್ರು ಇನ್ನೊಬ್ಬ ಹುಡುಗಿಗೆ ಕಣ್ಣು ಸನ್ನೆ ಮಾಡಿದರು. ಅವಳು ಗಂಟಲು ಸರಿಮಾಡಿಕೊಂಡು, "ಮಾನ್ಯರೇ, ಇದು ರೊಮೇನಿಯಾ ದೇಶದ ಜನಸಂಖ್ಯೆ. ಒಂದು ಸಾವಿರ ಕಾಳುಗಳಿವೆ," ಎಂದು ಶುರುಮಾಡಿದಳು. ನನ್ನ ಮೊಮ್ಮಗಳು ತಲೆ ತಗ್ಗಿಸಿದಳು. ನನ್ನ ಕೈಯಲ್ಲಿದ್ದ ಸೆರಗು ಮುದ್ದೆಯಾಯಿತು.

ಮೇಡಂ ಕೇಳುತ್ತಲೇ ಮೊರದೊಳಗೆ ಕೈಯಾಡಿಸಿದರು. ಅವರದೂ ಹಸನು ಮಾಡಿದ ಕೈಯೇ, ನೋಡಿದರೆ ಗೊತ್ತಾಗುತ್ತದೆ. ಕೆಂಪಲಸಂದೆಗಳನ್ನು ಟಕಟಕನೆ ಹೆಕ್ಕಿ ಎಡಗೈಗೆ ಹಾಕಿಕೊಂಡರು. ಪಟ್ಟಿ ನೋಡಿದರು.

"ರೋಮಾ ಜನ ಇಪ್ಪತ್ತೈದು ಅಂತ ಬರೆದಿದ್ದೀರಿ. ಇಲ್ಲಿ ಇಪ್ಪತ್ತಾರಿವೆಯಲ್ಲ?"

ಬಾಯಿಪಾಠದ ಹುಡುಗಿ ನಿಂತಳು. ಅವಳ ಪಾಠದಲ್ಲಿ ಇದು ಇರಲಿಲ್ಲ. ಮೇಷ್ಟ್ರು ಹಣೆ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ.

"ತಪ್ಪು ನಮ್ಮದ್ರೀ ಮೇಡಂ. ಗಡಿಬಿಡಿಯಾಗ ಎಣಿಸೀವಿ. ತಡೀರಿ, ಒಂದು ತಗದು ಒಗದುಬಿಡ್ತೀನಿ," ಎಂದು ಅವರ ಅಂಗೈಗೇ ಕೈ ಹಾಕಿದೆ.

"ಒಗೀಬ್ಯಾಡ ಬೇ!"

ಹಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ನನ್ನ ಮಣಿಕಟ್ಟನ್ನು ಮೊಮ್ಮಗಳು ಹಿಡಿದಿದ್ದಳು. ಕೂಗಿದ್ದು ಅವಳೇ. ಅಷ್ಟು ದೊಡ್ಡ ಗಂಟಲು ಅವಳಿಗಿದೆ ಎಂದು ನಮ್ಮ ಎಮ್ಮೆಗೂ ಗೊತ್ತಿರಲಿಲ್ಲ.

"ಮುಂಜಾನಿ ಒಮ್ಮಿ ಒಗದಿ, ಸಾಕು. ಮತ್ತ ಒಗೀಬ್ಯಾಡ," ಎಂದಳು ನನಗೆ. ಆಮೇಲೆ ಮೇಡಂ ಕಡೆ ತಿರುಗಿದಳು. ನನ್ನ ಕೈ ಬಿಡಲಿಲ್ಲ. "ಅದು ತಪ್ಪಲ್ರಿ ಮೇಡಂ, ಅದು ನಮ್ಮಜ್ಜನ ಲಾಭ."

"ಲಾಭ ಅಂದ್ರೆ?"

"ನಮ್ಮ ಕಡಿ ಕಣದಾಗ ರಾಶಿ ಅಳಿಯುವಾಗ ಮೊದಲನೇದಕ್ಕ ಒಂದು ಅನ್ನಂಗಿಲ್ರಿ, ಲಾಭ ಅಂತಾರ. ಆಮ್ಯಾಲೆ ಎರಡು, ಮೂರು. ನಮ್ಮಜ್ಜ ಹಂಗಲ್ಲ. ಲಾಭ ಅಂದು ಒಂದು ಹಾಕಿ, ಆಮ್ಯಾಲೆ ಒಂದರಿಂದ ಶುರು ಮಾಡ್ತಾನ. ಲಾಭ ಲೆಕ್ಕದಾಗ ಸೇರಂಗಿಲ್ಲ, ಅದು ರಾಶಿಗೆ ಹೆಚ್ಚಿಂದು ಅಂತಾನ. ಅಲಸಂದಿ, ಹುರುಳಿ ಎರಡೂ ಅವನಽ ಎಣಿಸ್ಯಾನ್ರಿ. ಹುರುಳೀನೂ ಅರವತ್ತೇಳು ಇರ್ತಾವ, ಬೇಕಾದ್ರ ನೋಡ್ರಿ."

ಮೇಡಂ ಹುರುಳಿ ಎಣಿಸಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತಿದ್ದರು. "ಹಾಗಾದರೆ ಒಂದು ತೆಗೆಯಬಹುದಲ್ಲಮ್ಮ? ಅಜ್ಜಿ ಹೇಳಿದ್ದು ಸರಿ."

"ಹುರುಳ್ಯಾಗ ತಗೀಬೋದ್ರಿ. ಇದರಾಗ ಬ್ಯಾಡ." ಅವಳು ಮೇಡಂ ಅಂಗೈಯ ಕೆಂಪು ಕಾಳು ತೋರಿಸಿದಳು. "ಇಪ್ಪತ್ತೈದು ಅಂಬೋದು ಜನಗಣತಿಯೋರ ಲೆಕ್ಕ. ಖರೇ ಇನ್ನೂ ಜಾಸ್ತಿ ಅದಾರ ಅಂತ ಪುಸ್ತಕದಾಗ ಐತ್ರಿ. ಮನಿಗೆ ಬಂದು ನೀವು ಯಾರು ಅಂತ ಕೇಳಿದಾಗ ಬಾಳ ಮಂದಿ ನಾವು ರೋಮಾ ಅಂತ ಹೇಳಂಗಿಲ್ಲ. ಹೇಳಿದ್ರ ಕೀಳಾಗಿ ಕಾಣ್ತಾರ ಅಂತ ಬಾಯಿ ಬಿಡಂಗಿಲ್ಲ. ಬಾಯಿ ಬಿಡಲಿಲ್ಲ ಅಂದ್ರ ಅವರು ಇಲ್ಲಂತಲ್ಲಲ್ರಿ. ಅದಾರಲ್ರಿ!"

ಆ ಮಾತು ಹೇಳುವಾಗ ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು ಎಷ್ಟು ಬಿಗಿಯಾಗಿತ್ತೆಂದರೆ ಬಳೆಯೊಂದು ಚೂರಾಯಿತು. ಒಡೆದರೆ ಒಡೆಯಲಿ! ನನಗೆ ಆ ಹಾಲಿನ ನಡುವೆ ಗಿರಗಿರ ತಿರುಗಬೇಕು ಅನ್ನಿಸುತ್ತಿತ್ತು.

ಆಮೇಲೆ ಯಾರು ತಡೆಯುವವರು? ಹಂಗೇರಿಯವರ ಗುಡ್ಡಗಾಡು, ಜರ್ಮನರ ಬೀಗ ಹಾಕಿದ ಮನೆ, ನದಿಯ ಬಾಯಿಯ ಮೀನುಗಾರರು, ಸಣ್ಣ ಗುಂಪಿಗೂ ಸಿಗುವ ಒಂದು ಕುರ್ಚಿ, ಅರ್ಧ ತುರ್ಕನಾದ ಹೆಸರುಬೇಳೆ. ನಮ್ಮ ಹೊಲದಲ್ಲಿ ಜೋಳದ ನ‍ಡುವೆ ಅಕ್ಕಡಿ ಸಾಲು ಬಿತ್ತಿ ತೊಗರಿ, ಅಲಸಂದೆ ಬೆಳೆಯುವುದನ್ನೂ ಸೇರಿಸಿದಳು. ಅದು ಎಮ್ಮೆಗೆ ಹೇಳಿದ ಪಾಠದಲ್ಲಿ ಇರಲಿಲ್ಲ, ಅಲ್ಲೇ ಹುಟ್ಟಿದ್ದು. ಇಂಗ್ಲೆಂಡು ನೋಡುತ್ತಿದ್ದವರು, ಇಟಲಿ ನೋಡುತ್ತಿದ್ದವರು ಎಲ್ಲ ನಮ್ಮ ಮೇಜಿನ ಸುತ್ತ. ಬೆಳಿಗ್ಗೆ ಇದೆಲ್ಲ ಹೇಗೆ ಕೋಳಿಯ ಪಾಲಾಯಿತು ಎಂಬುದನ್ನೂ ಬಿಡಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಗೆಳತಿ ಮಾತ್ರ, "ನಾನೂ ಒಗದೀನ್ರಿ, ಈಕಿ ಒಬ್ಬಾಕೀ ಅಲ್ಲ," ಎಂದು ತನ್ನ ಪಾಲನ್ನು ಬಿಟ್ಟುಕೊಡಲಿಲ್ಲ. ಬಾಯಿಪಾಠದ ಹುಡುಗಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಆ ಮಗು ಚೆನ್ನಾಗಿರಲಿ.

ಮೇಡಂ ಇಪ್ಪತ್ತಾರು ಕೆಂಪು ಕಾಳನ್ನೂ ಒಂದೂ ಬಿಡದೆ ಮೊರಕ್ಕೆ ಹಾಕಿ ಕೈಯಾಡಿಸಿ ಬೆರೆಸಿದರು.

"ಬಳ್ಳಾರಿಯಲ್ಲಿ ಜಿಲ್ಲೆಯ ಪ್ರದರ್ಶನ ಇದೆ. ಬರ್ತೀಯಾ?"

"ಬರ್ತೀನ್ರಿ."

"ಹೇಳೋದು ಯಾರು?"

"ನಾನಽ ಹೇಳ್ತೀನ್ರಿ."

"ಇಪ್ಪತ್ತಾರೇ ಇರಲಿ," ಎಂದರು ಮೇಡಂ. ಮುಂದಿನ ಮೇಜಿಗೆ ಹೋಗುತ್ತ ತಿರುಗಿ ನನಗೆ, "ಅಜ್ಜಿ, ಅಲ್ಲಿಯವರೆಗೆ ನೀವು ಈ ಮೊರದ ಹತ್ತಿರ ಹೋಗಬೇಡಿ," ಎಂದರು.

ಸಂಜೆ ಅದೇ ಬಸ್ಸು, ಅದೇ ಕಂಡಕ್ಟರ್. ಅವನು "ಎಲ್ಲಿಗೆ?" ಎಂದು ನನ್ನ ಕಡೆ ನೋಡಿದ. ನಾನು ಬೇಕೆಂದೇ ಕಿಟಕಿಯ ಹೊರಗೆ ನೋಡುತ್ತ ಕೂತೆ. ಗೆಳತಿಗೂ ಮೊಣಕೈಯಿಂದ ತಿವಿದೆ. ಆಮೇಲೆ ನನ್ನ ಪಕ್ಕದಿಂದ ಊರಿನ ಹೆಸರು ಬಂತು, "ಮೂರು ಟಿಕೀಟು ಕೊಡ್ರಿ" ಎಂಬುದು ಬಂತು, "ಎರಡು ಪೂರಾ, ಒಂದು ಅರ್ಧ ಅನ್ಬ್ಯಾಡ್ರಿ, ನಾನೂ ಪೂರಾನಽ" ಎಂಬುದೂ ಬಂತು. ಕಂಡಕ್ಟರ್ ಬೆಳಿಗ್ಗೆ ಮೂಕಿ ಎಂದುಕೊಂಡಿದ್ದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ. ಇಳಿಯುವ ಹೊತ್ತಿಗೆ ಅವನಿಗೂ ರೊಮೇನಿಯಾ ಅರ್ಧ ಬಂದಿತ್ತು.

ಗೆಳತಿ ತಾಂಡಾದ ದಾರಿಗೆ ತಿರುಗುವ ಮೊದಲು ಕೈ ಚಾಚಿ, "ಮೊರದಾಗಿಂದು ಬ್ಯಾಡ, ಗಡಿಗ್ಯಾಗಿಂದು ಒಂದು ಕೆಂಪು ಕಾಳು ನಾಳೆ ತಗದಿಡು. ನನ್ನ ಮಗಳಿಗೆ ತೋರಸ್ತೀನಿ," ಎಂದಳು.

ಮನೆಯ ಕಟ್ಟೆಯ ಮೇಲೆ ಯಜಮಾನರೂ ಸೊಸೆಯೂ ದಾರಿ ಕಾಯುತ್ತಿದ್ದರು. ಮೊಮ್ಮಗಳು ಅವರ ನಡುವಿನಿಂದ ನುಗ್ಗಿ ನೇರ ಕೊಟ್ಟಿಗೆಗೆ ಓಡಿದಳು.

"ಏನಾತಲೇ?" ಎಂದರು ಯಜಮಾನರು ನನ್ನನ್ನು ತಡೆದು. "ಹೇಳಿದ್ಲೋ ಇಲ್ಲೋ?"

ನಾನು ಬಾಯಿ ತೆರೆದೆ. ಬರಲಿಲ್ಲ! ಮೊರ ಅವರ ಕೈಗೆ ಕೊಟ್ಟು, ಮೊಮ್ಮಗಳು ಶಾಲೆಯಲ್ಲಿ ಹಾಜರಿಗೆ ಕೈ ಎತ್ತುತ್ತಿದ್ದಳಲ್ಲ, ಹಾಗೆ ಸುಮ್ಮನೆ ಕೈ ಎತ್ತಿದೆ.

"ಏ, ಬಾಯಿ ಬಿಟ್ಟು ಹೇಳ್ಲೇ!"

ಅಷ್ಟರಲ್ಲಿ ಕೊಟ್ಟಿಗೆಯಿಂದ ದನಿ ಬಂತು, ಬೀದಿಯ ಆ ತುದಿಗೂ ಕೇಳುವಷ್ಟು.

"ಮಾನ್ಯರೇ, ಎದ್ದು ನಿಲ್ಲು! ನಾವು ಬಳ್ಳಾರಿಗೆ ಹೊಂಟೀವಿ!"

ಎಮ್ಮೆ ಎದ್ದು ನಿಂತಿತು. ನಾನು ಕಣ್ಣಾರೆ ನೋಡಿದ್ದೇನೆ.